ದೂಳು ಬರುವುದು ಹಿಂದಿನಿಂದ

ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ತಳ ಹಿಡಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಹೊರಗೆ ಕಾಣುತ್ತದೆ. ಅದೇ ಸುದ್ದಿ, ಅದೇ ಫೋಟೊ. ಆದರೂ ಡೆಸ್ಕಿನಿಂದ ಫೋನ್ ಬಂದೇ ಬರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ ಗೆಳೆಯನ ಹಳೆಯ ಜೀಪು ಹತ್ತಿ ಹೊರಟಿದ್ದೆ. ಡಾಂಬರು ಬಿಟ್ಟು ಕೆಳಗಿಳಿದರೆ ಹೂಳು ಒಣಗಿದ ನೆಲ, ಗಿರಣಿಯಿಂದ ಆಗಷ್ಟೇ ಬಂದ ಜೋಳದ ಹಿಟ್ಟಿನಷ್ಟು ನುಣುಪು. ಸೆಕೆ ಎಂದು ಹಿಂದಿನ ತಾಡಪತ್ರಿಯನ್ನು ಸುತ್ತಿ ಮೇಲೆ ಕಟ್ಟಿದ್ದೆವು. ಹದಿನೈದು ನಿಮಿಷದಲ್ಲಿ, ಹಿಂದೆ ಕೂತ ನಾನು ಬೂದಿ ಬಳಿದ ಬಾವಾಜಿಯಂತಾಗಿದ್ದೆ. ಕ್ಯಾಮೆರಾದ ಝೂಮ್ ತಿರುವಿದರೆ ಕರಕರ ಸದ್ದು. ಅದರ ರಿಪೇರಿಗೆ ಆ ತಿಂಗಳು ಸುದ್ದಿ ಬರೆದು ಗಳಿಸಿದ್ದಕ್ಕಿಂತ ಹೆಚ್ಚು ಹೋಯಿತು.

ವಾಪಸು ಬರುವಾಗ ಚಹಾದಂಗಡಿಯಲ್ಲಿ ಒಬ್ಬ ಹಿರಿಯರು ನನ್ನ ಅವತಾರ ನೋಡಿ ನಕ್ಕರು. ನೀರಾವರಿಯ ಜೀಪು ಓಡಿಸಿ ನಿವೃತ್ತರಾದವರು. “ತಮ್ಮಾ, ಹಿಂದಿಂದು ಇಳಸು, ಮುಂದಿಂದು ತಗಿ. ದೂಳು ಮುಂದಿಂದ ಬರಾಂಗಿಲ್ಲ, ಹಿಂದಿಂದ ಬರತೈತಿ” ಎಂದರು.

ಮಾತು ಸರಿ. ಓಡುವ ಗಾಡಿ ಎದುರಿನ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ. ಜೀಪಿನ ಬೆನ್ನಂತೂ ಕತ್ತರಿಸಿಟ್ಟಂತೆ ಚಪ್ಪಟೆ. ನಾಲ್ಕು ಚಕ್ರ ಎಬ್ಬಿಸಿದ ದೂಳು, ಚಕ್ಕಡಿಯ ಹಿಂದೆ ನಾಯಿ ಬಂದ ಹಾಗೆ, ಆ ಜಾಗದಲ್ಲಿ ಸುತ್ತಿಕೊಂಡೇ ಬರುತ್ತದೆ. ಹಿಂಬದಿ ತೆರೆದಿದ್ದರೆ ಒಳಗೆ ನುಗ್ಗುತ್ತದೆ. ಹಿಂದೆ ಬಿಗಿಯಾಗಿ ಮುಚ್ಚಿ ಮುಂದಿನಿಂದ ಗಾಳಿ ಬಿಟ್ಟರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ. ಆಗ ಸಂದುಗಳಲ್ಲಿ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ದೂಳು ಒಳಗೆ ಬರುವುದಿಲ್ಲ. ಆದರೆ ಮುಂದೆ ಇನ್ನೊಂದು ಗಾಡಿ ಇರಬಾರದು, ಇದ್ದರೆ ಅದರ ದೂಳು ಇಳಿಯುವಷ್ಟು ಅಂತರ ಬಿಡಬೇಕು.

ಈ ಜಗಳ ಜೀಪಿಗಿಂತ ಹಳೆಯದು. ಚಕ್ಕಡಿಗಳ ಕಾಲದ ಖಡಿ ರಸ್ತೆಗೆ ದೂಳು ಶತ್ರುವಾಗಿರಲಿಲ್ಲ, ಗಾರೆಯಾಗಿತ್ತು. ಕಬ್ಬಿಣದ ಪಟ್ಟಿಯ ಗಾಲಿ ಖಡಿಯನ್ನು ಅರೆಯುತ್ತಿತ್ತು. ಆ ಪುಡಿ ನೀರಿನೊಂದಿಗೆ ಸಂದುಗಳಿಗೆ ಇಳಿದು ಕಲ್ಲುಗಳನ್ನು ಕಚ್ಚಿ ಹಿಡಿಯುತ್ತಿತ್ತು. ಮ್ಯಾಕಡಮ್ ರಸ್ತೆ ಗಟ್ಟಿಯಾಗಿ ನಿಂತದ್ದೇ ಹೀಗೆ. ರಬ್ಬರ್ ಟೈರಿನ ಮೋಟಾರು ಬಂದಾಗ ಲೆಕ್ಕ ತಪ್ಪಿತು. ಅದು ಕಲ್ಲನ್ನು ಅರೆಯುವುದಿಲ್ಲ. ವೇಗದಲ್ಲಿ ಉರುಳುತ್ತ ಸಂದಿನ ಪುಡಿಯನ್ನು ಎಳೆದು ಗಾಳಿಗೆ ತೂರುತ್ತದೆ. ಹೋದದ್ದು ಬರೀ ದೂಳಲ್ಲ, ರಸ್ತೆಯೇ.

ಯುರೋಪಿನಲ್ಲಿ ಇದು ದೊಡ್ಡ ತಕರಾರಾಯಿತು. 1902ರಲ್ಲಿ ಮೊನಾಕೊದಲ್ಲಿ ಗುಗ್ಲಿಯೆಲ್ಮಿನೆಟ್ಟಿ ಎಂಬ ಸ್ವಿಸ್ ವೈದ್ಯ ರಸ್ತೆಗೆ ಬಿಸಿ ಡಾಂಬರು ಬಳಿಸಿ ನೋಡಿದ. ಜನ ಅವನನ್ನು ಡಾಂಬರು ಡಾಕ್ಟರ್ ಎಂದೇ ಕರೆದರು. ರಸ್ತೆಗೆ ಡಾಂಬರು ಹಾಕಿಸಿದವನು ಎಂಜಿನಿಯರ್ ಅಲ್ಲ, ವೈದ್ಯ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನಮ್ಮಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ ನೇಮಕವಾದದ್ದು 1927ರಲ್ಲಿ. ಅದರ ಶಿಫಾರಸಿನಂತೆ 1929ರಲ್ಲಿ ಪೆಟ್ರೋಲಿಗೆ ಗ್ಯಾಲನ್‌ಗೆ 2 ಆಣೆ ಹೆಚ್ಚುವರಿ ತೆರಿಗೆ ಬಿದ್ದು ರಸ್ತೆ ನಿಧಿ ಹುಟ್ಟಿತು. ಆದರೆ ಡಾಂಬರು ಮೊದಲು ಹೋದದ್ದು ದೊಡ್ಡ ಊರು, ದೊಡ್ಡ ರಸ್ತೆಗಳಿಗೆ.

ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಕಡೆ ಕಾಲುವೆ ಮೊದಲು ಬಂತು, ಡಾಂಬರು ಆಮೇಲೆ. ಧೂಪದಾಳದ ಒಡ್ಡು 1897ರದು. ಅಲ್ಲಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆ ಗೋಕಾಕ ಮತ್ತು ಈಗಿನ ಮೂಡಲಗಿ ತಾಲ್ಲೂಕಿನ ಹೊಲಗಳನ್ನು ಹಾಯ್ದು ಮುಧೋಳ, ಜಮಖಂಡಿ ಕಡೆ ಹೋಗುತ್ತದೆ. ಕಾಲುವೆ ಇದ್ದಲ್ಲಿ ಏರಿಯ ಮೇಲೊಂದು ಗರಸಿನ ದಾರಿ ಇರಲೇಬೇಕು; ಸೋರಿಕೆ ನೋಡಬೇಕು, ತೂಬು ನೋಡಬೇಕು. ಕರಿಮಣ್ಣಿನ ಸೀಮೆ ಬೇರೆ. ಮಳೆಗಾಲದಲ್ಲಿ ಗಾಲಿಯನ್ನು ನುಂಗುವ ನೆಲ, ಬೇಸಿಗೆಯಲ್ಲಿ ಪುಡಿಯಾಗಿ ಹಾರುವ ನೆಲ. ಗಾಡಿ ಓಡಾಡಲು ಹದವಾದ ಕಾಲವೇ ದೂಳಿನ ಕಾಲ.

ಇಂಥ ನೆಲಕ್ಕೆ ಜೀಪು ಹೇಳಿ ಮಾಡಿಸಿದಂತಿತ್ತು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪನ್ನು ಮಹೀಂದ್ರಾದವರು 1947ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿದರು. ಮುಂದಿನ ದಶಕಗಳಲ್ಲಿ ಸರ್ಕಾರಿ ಕಚೇರಿ ಎಂದರೆ ಅಂಗಳದಲ್ಲೊಂದು ಜೀಪು ಎಂಬಂತಾಯಿತು. ಹಿಡಕಲ್‌ನಲ್ಲಿ ಅಣೆಕಟ್ಟು ಎದ್ದು 1977ರಲ್ಲಿ ಮುಗಿಯಿತು. 2175 ಅಡಿ ಮಟ್ಟದಲ್ಲಿ 51 ಟಿಎಂಸಿ ನೀರು ಹಿಡಿಯುವ ಇದಕ್ಕೆ ರಾಜಾ ಲಖಮಗೌಡ ಜಲಾಶಯವೆಂದು ಹೆಸರು.

ಆ ಜೀಪಿನ ಎಂಜಿನ್‌ಗೆ ಕಾರ್ಖಾನೆಯಲ್ಲೇ ಎಣ್ಣೆ ತುಂಬಿದ ಏರ್ ಕ್ಲೀನರ್ ಕೂಡಿಸಿ ಕಳಿಸುತ್ತಿದ್ದರು. ಒಳಗೆಳೆದ ಗಾಳಿ ಎಣ್ಣೆಯ ಮೇಲಿಂದ ತಿರುಗಿ ಜಾಲರಿಗೆ ಹೋಗುವಾಗ ದೂಳು ಎಣ್ಣೆಗೆ ಅಂಟಿ ತಳಕ್ಕೆ ಇಳಿಯುತ್ತದೆ. ಬೇಸಿಗೆಯ ಟೂರಿನಲ್ಲಿ ಅದನ್ನು ಬಿಚ್ಚಿದರೆ ತಳದಲ್ಲಿ ಎರಡು ಬೆರಳು ಕೆಸರು ಸಿಗುತ್ತಿತ್ತು ಎಂದು ಚಹಾದಂಗಡಿಯ ಕಾಕಾ ಹೇಳಿದರು. ಅದನ್ನು ತೊಳೆದು ಹೊಸ ಎಣ್ಣೆ ಹಾಕದೆ ಮಲಗುತ್ತಿರಲಿಲ್ಲವಂತೆ. ಎಂಜಿನ್ ದೂಳು ಕುಡಿದರೆ ಪಿಸ್ಟನ್ ಸವೆಯುತ್ತದೆ, ಮೇಲಿನವರು ಕೇಳುತ್ತಾರೆ. ಗಾಡಿಯ ಉಸಿರಿಗೆ ಈ ಏರ್ಪಾಡು, ಹಿಂದೆ ಕೂತವರ ಉಸಿರಿಗೆ ಹೆಗಲ ಮೇಲಿನ ಟಾವೆಲ್.

ಹಿಂದೆ ಕೂರುತ್ತಿದ್ದವರು ಯಾರು? ಸಾಹೇಬರ ಜಾಗ ಮುಂದೆ, ಡ್ರೈವರ್ ಪಕ್ಕ. ಹಿಂದಿನ ಎದುರುಬದುರು ಪಟ್ಟಿ ಸೀಟಿನಲ್ಲಿ ಅಳತೆಯ ಸರಪಳಿ ಹಿಡಿಯುವವರು, ಮೇಸ್ತ್ರಿ, ಜವಾನ, ಕೆಲವೊಮ್ಮೆ ನೀರಗಂಟಿ. ಸೆಕೆಗೆ ಹಿಂದಿನ ಪರದೆ ಎತ್ತಿದರೆ ದೂಳು, ಇಳಿಸಿದರೆ ಕತ್ತಲು ಮತ್ತು ಬೆವರು. ಮುಂದಿನಿಂದ ಗಾಳಿ ಬಿಡೋಣವೆಂದರೆ ಅದು ಸಾಹೇಬರ ಮುಖಕ್ಕೆ ಹೊಡೆಯುತ್ತದೆ, ಕಾಗದ ಹಾರುತ್ತವೆ. ಹೀಗಾಗಿ ಉಪಾಯ ಗೊತ್ತಿದ್ದೂ ಕಾಕಾ ಎಷ್ಟೋ ಸಲ ಸುಮ್ಮನೆ ಓಡಿಸಿದ್ದಾರೆ. “ಹೇಳಾಕ ನಾ ಯಾರು?” ಎಂದರು. ಹಿಂದೆ ಕೂತವರಲ್ಲಿ ಇಬ್ಬರಿಗೆ ಕೊನೆಗಾಲದಲ್ಲಿ ದಮ್ಮು ಹತ್ತಿತ್ತಂತೆ. ದೂಳಿನಿಂದಲೋ ಬೀಡಿಯಿಂದಲೋ ಎಂದು ನಾನು ಕೇಳಿದೆ. ಅವರು ಉತ್ತರ ಕೊಡಲಿಲ್ಲ.

2000ದಲ್ಲಿ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ ಬಂದವು. ತಾಡಪತ್ರಿ ಹೋಗಿ ತಗಡಿನ ಬಾಗಿಲು, ಎ.ಸಿ. ಬಂತು. ಆದರೆ ಬೆನ್ನು ಚಪ್ಪಟೆಯೇ ಉಳಿಯಿತು, ಹಾಗಾಗಿ ಕಾಕಾನ ಸೂತ್ರವೂ ಉಳಿದಿದೆ. ದೂಳಿನ ದಾರಿಯಲ್ಲಿ ನಮ್ಮ ಹುಡುಗರು ಮಾಡುವ ತಪ್ಪು ಒಂದೇ: ಎ.ಸಿ. ಹಾಕಿ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತುವುದು. ಆಗ ಹೊರಗಿನಿಂದ ಗಾಳಿ ಬಾರದೆ ಒಳಗೆ ಒತ್ತಡ ಏರುವುದಿಲ್ಲ, ಹಿಂಬಾಗಿಲ ಸಂದಿನಿಂದ ದೂಳು ಮೆಲ್ಲಗೆ ಒಳಗೆಳೆಯುತ್ತದೆ. ಹೊರಗಿನ ಗಾಳಿಯ ಗುಂಡಿ ಹಾಕಿ ಫ್ಯಾನ್ ಜೋರು ಮಾಡಬೇಕು, ಫಿಲ್ಟರ್ ಇದ್ದರೆ ಆಗಾಗ ಝಾಡಿಸಬೇಕು. ಆಮೇಲೆ ಹಿಂಬಾಗಿಲ ರಬ್ಬರ್ ಬೀಡಿಂಗ್ ನೋಡಬೇಕು. ಬಾಗಿಲ ಸಂದಿಗೆ ಒಂದು ಕಾಗದ ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಸತ್ತಿದೆ. ಗೇರ್ ಕೋಲುಗಳ ಬುಡದ ರಬ್ಬರ್ ಚೀಲ, ನೆಲದ ತೂತುಗಳ ಬಿರಡೆ ಇವನ್ನು ಯಾರೂ ನೋಡುವುದಿಲ್ಲ. ಫೋರ್ ವೀಲ್ ಗಾಡಿಯಲ್ಲಿ ಕೋಲು ಒಂದು ಹೆಚ್ಚು, ತೂತೂ ಒಂದು ಹೆಚ್ಚು. ಕ್ಯಾಮೆರಾವನ್ನು ನಾನೀಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚೀಲವನ್ನು ಟಾವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತೇನೆ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಮೂಡಲಗಿ ಕಡೆ ಏರಿಯ ಮೇಲೆ ಹೋಗುತ್ತಿದ್ದೆವು. ಗಾಜು ಏರಿಸಿ, ಫ್ಯಾನ್ ಜೋರಿಟ್ಟು, ಕಾಕಾನ ಪಾಠದಂತೆ. ಸೀಟಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡಲಿಲ್ಲ. ಎದುರಿಗೆ ಶಾಲೆ ಬಿಟ್ಟ ನಾಲ್ಕೈದು ಹುಡುಗಿಯರು ಓಢಣಿಯನ್ನು ಮೂಗಿಗೆ ಹಿಡಿದು ದಾರಿಯ ಅಂಚಿಗೆ ಸರಿದರು. ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ದೂಳು ಮಾತ್ರ ಕಾಣುತ್ತಿತ್ತು. ಜನ ಕಂಡರೆ ಕಾಕಾ ಎರಡನೇ ಗೇರಿಗೆ ಇಳಿಸುತ್ತಿದ್ದರಂತೆ, ವೇಗ ಇಳಿದಷ್ಟೂ ದೂಳು ಏಳುವುದಿಲ್ಲವೆಂದು. ನೆನಪಾಗುವಷ್ಟರಲ್ಲಿ ನಾವು ಅರ್ಧ ಕಿಲೋಮೀಟರ್ ಮುಂದೆ ಬಂದಿದ್ದೆವು.