ಹತ್ತಿಯ ಎಳೆ

ನಮ್ಮ ಸೋದರತ್ತೆಯ ಊಟದ ತಟ್ಟೆ ಅಡಿಗೆಮನೆಯ ಹೊರಗಿನ ಗೂಡಿನಲ್ಲಿರುತ್ತಿತ್ತು. ನಾವು ಜಯನಗರದ ನಾಲ್ಕನೇ ಬ್ಲಾಕಿನಲ್ಲಿದ್ದ ಎಪ್ಪತ್ತರ ದಶಕದ ಮಾತು. ಅತ್ತೆಯ ಮುಂಗೈ ಮೇಲೆ ಹಾಲಿನಂಥ ಬಿಳಿ ಕಲೆಯಿತ್ತು. "ದೊಡ್ಡ ರೋಗ" ಎಂದು ಯಾರೋ ಪಿಸುಗುಟ್ಟಿದರು. ಅಷ್ಟಕ್ಕೇ ಗಂಡನ ಮನೆಯವರು ತವರಿಗೆ ತಂದುಬಿಟ್ಟರು. ಪರೀಕ್ಷೆ ಮಾಡಿಸಬೇಕೆಂದು ನಮ್ಮವರಿಗೂ ತೋಚಲಿಲ್ಲ.

ನಮ್ಮ ಹಳೆಯ ವೈದ್ಯದಲ್ಲಿ ಹಲವು ಚರ್ಮರೋಗಗಳಿಗೆ ಕುಷ್ಠವೆಂದೇ ಹೆಸರು. ತೊನ್ನನ್ನೂ ಶ್ವೇತಕುಷ್ಠ ಎನ್ನುತ್ತಿದ್ದರು. ಎಷ್ಟು ಹೆಣ್ಣುಮಕ್ಕಳ ಬಾಳನ್ನು ಆ ಒಂದು ಹೆಸರು ಕೆಡಿಸಿತೋ!

ಕೊನೆಗೆ ಅಮ್ಮನೇ ಹಟಮಾಡಿ ಡಾಕ್ಟರ ಬಳಿ ಕರೆದೊಯ್ದಳು. ಜೊತೆಗೆ ನಾನೂ ಹೋಗಿದ್ದೆ. ಅವರು ಅತ್ತೆಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯೊಂದನ್ನು ಕಲೆಗೆ ಸೋಕಿಸಿದರು. "ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸಿ." ಪ್ರತಿ ಸಲವೂ ಅತ್ತೆ ಅಲ್ಲಿಗೇ ಬೆರಳಿಟ್ಟಳು. ಮೊಣಕೈಯ ನರ ದಪ್ಪಗಾಗಿದೆಯೇ ಎಂದೂ ಮುಟ್ಟಿ ನೋಡಿದರು. "ಇದು ಬರೀ ತೊನ್ನು. ಯಾರಿಗೂ ಅಂಟುವುದಿಲ್ಲ" ಎಂದರು.

ಆ ಎಳೆಯ ಹಿಂದಿನ ಕಥೆ ಬಹಳ ಕಾಲದ ಮೇಲೆ ಓದಿ ತಿಳಿದೆ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಕಂಡುಹಿಡಿದರು. ಅದು ಪಾಪದ ಫಲವೂ ಅಲ್ಲ, ವಂಶದ ಶಾಪವೂ ಅಲ್ಲ. ಆ ರೋಗಾಣು ಚರ್ಮದ ಜೊತೆಗೆ ನರವನ್ನೂ ಹಿಡಿಯುವುದರಿಂದ ಮಚ್ಚೆಯಲ್ಲಿ ಸ್ಪರ್ಶ ಸಾಯುತ್ತದೆ. ಮಚ್ಚೆ ಹಾಲುಬಿಳುಪಾಗಿರದೆ ತುಸು ಮಾಸಲಾಗಿ ಅಥವಾ ಕೆಂಪಗಿರುತ್ತದೆ. ತೊನ್ನಿನಲ್ಲಾದರೋ ಹೋಗುವುದು ಬಣ್ಣ ಮಾತ್ರ. ಅನುಮಾನವಿದ್ದರೆ ಕಿವಿಹಾಲೆಯಿಂದ ಚೂರು ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಇನ್ನು ಕುಷ್ಠವೇ ಆಗಿದ್ದರೂ ತಟ್ಟೆಯನ್ನು ಹೊರಗಿಡಬೇಕಿರಲಿಲ್ಲ. ಆಗ ಡ್ಯಾಪ್ಸೋನ್ ಮಾತ್ರೆಯಿತ್ತು. 1980ರ ದಶಕದಿಂದ ಹಲವು ಔಷಧಗಳ ಜಂಟಿ ಚಿಕಿತ್ಸೆ ಬಂತು. ಆರು ತಿಂಗಳು, ಇಲ್ಲವೇ ವರ್ಷ ನುಂಗಿದರೆ ರೋಗ ವಾಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಮದ್ದು ಉಚಿತ. ತಡಮಾಡಿದರೆ ಮಾತ್ರ ಕೈಕಾಲು ಊನವಾಗುವ ಭಯ. ಕಾನೂನು ಕಣ್ತೆರೆಯಲು ಇನ್ನೂ ತಡವಾಯಿತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಅದನ್ನು ಕಿತ್ತುಹಾಕಿದ್ದು 2019ರಲ್ಲಿ.

ದೇಶಮಟ್ಟದಲ್ಲಿ ಕುಷ್ಠ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತೆಂದು 2005ರ ಕೊನೆಗೆ ಸಾರಿದರು. ಆದರೂ ಹೊಸ ರೋಗಿಗಳು ಸಿಗುತ್ತಲೇ ಇದ್ದಾರೆ. ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಮುಚ್ಚಿಡಬೇಡಿ, ತೋರಿಸಿ.

ಅಂದು ಸಂಜೆಯೇ ಅಮ್ಮ ಅತ್ತೆಯ ತಟ್ಟೆಯನ್ನು ಒಳಗೆ ತಂದಿಟ್ಟಳು. ಅತ್ತೆ ಮಾತ್ರ ಬಹಳ ದಿನ, ಊಟದ ಹೊತ್ತಿಗೆ ಗೂಡಿನ ಕಡೆಗೇ ಕೈ ಚಾಚುತ್ತಿದ್ದಳು.