ಗರ್ಭಕೊರಳಿನ ಆರಂಭಿಕ ಕ್ಯಾನ್ಸರ್: ಅಂಗಾಂಶದಲ್ಲಿ ಕಾಣುವ ಮುನ್ಸೂಚನೆಗಳು

ಗರ್ಭಕೊರಳಿನ ಕ್ಯಾನ್ಸರ್ ಇನ್ನೂ ಆ ಅಂಗವನ್ನು ದಾಟಿಲ್ಲ, ಗೆಡ್ಡೆ 4 ಸೆಂ.ಮೀ.ಗಿಂತ ಚಿಕ್ಕದಾಗಿದೆ ಎಂದಾದರೆ ಅದನ್ನು ಸಾಮಾನ್ಯವಾಗಿ ಆರಂಭಿಕ ಹಂತ ಎನ್ನುತ್ತಾರೆ. ಈ ಹಂತದಲ್ಲಿ ಶಸ್ತ್ರಚಿಕಿತ್ಸೆಯಿಂದಲೇ ಬಹುಪಾಲು ಮಹಿಳೆಯರು ಗುಣವಾಗುತ್ತಾರೆ. ಆದರೆ ಎಲ್ಲರೂ ಅಲ್ಲ. ಯಾರಿಗೆ ರೋಗ ಮರುಕಳಿಸಬಹುದು, ಯಾರಿಗೆ ಆಪರೇಷನ್ ನಂತರ ವಿಕಿರಣವೂ ಬೇಕು ಎಂಬುದನ್ನು ಹೇಳುವುದು ಕತ್ತರಿಸಿ ತೆಗೆದ ಅಂಗಾಂಶ. ಅದರಲ್ಲಿ ನೋಡುವುದು ಗೆಡ್ಡೆಯ ಗಾತ್ರ, ಆಳ, ನಾಳಗಳೊಳಗಿನ ನುಸುಳುವಿಕೆ, ದುಗ್ಧಗ್ರಂಥಿಗಳು, ಕತ್ತರಿಸಿದ ಅಂಚು ಮತ್ತು ಕ್ಯಾನ್ಸರಿನ ಜಾತಿ. ಇವುಗಳಲ್ಲಿ ಹೆಚ್ಚಿನವನ್ನು ಅಳೆಯುವುದು ಮಿಲಿಮೀಟರ್ ಲೆಕ್ಕದಲ್ಲಿ.

ರಾಯಚೂರು ಜಿಲ್ಲೆಯಂಥ ಕಡೆ ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲಿನ ಹಳ್ಳಿಗಳಲ್ಲಿ, ದೇವದುರ್ಗ, ಮಾನ್ವಿಗಳ ಹತ್ತಿ ಹೊಲ, ಭತ್ತದ ಗದ್ದೆಗಳಲ್ಲಿ ದುಡಿಯುವ ಹೆಂಗಸರಿಗೆ ಬಿಳಿ ಸೆರಗು ಹೆಚ್ಚಾದರೆ ಅದು ಇಂದಿಗೂ 'ಉಷ್ಣ'. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೂ ಆಸ್ಪತ್ರೆಯ ಮಾತು ಬರುವುದು ಕೂಲಿಯ ಹಂಗಾಮು ಮುಗಿದ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ಕೇವಲ 1.9%. ಹೀಗಾಗಿ ಆಪರೇಷನ್‌ಗೆ ಒದಗುವ ಹಂತದಲ್ಲಿ ಸಿಕ್ಕ ರೋಗಿಯೇ ಅಪರೂಪ. ಸಿಕ್ಕಾಗ ಆ ಅಂಗಾಂಶವನ್ನು ಸರಿಯಾಗಿ ಓದುವುದು ಅಷ್ಟೇ ಮುಖ್ಯ.

ದೇಶದ ಲೆಕ್ಕ ನೋಡಿದರೆ, ಜಾಗತಿಕ ಕ್ಯಾನ್ಸರ್ ಅಂಕಿಅಂಶವಾದ ಗ್ಲೋಬೊಕಾನ್‌ನ 2022ರ ಅಂದಾಜಿನಲ್ಲಿ ಭಾರತದಲ್ಲಿ ಈ ಕ್ಯಾನ್ಸರಿನ ಹೊಸ ಪ್ರಕರಣಗಳು ಸುಮಾರು 1.27 ಲಕ್ಷ, ಸಾವು ಸುಮಾರು 80 ಸಾವಿರ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1982ರಿಂದ ನಡೆಸುತ್ತಿರುವ ನಗರದ ಕ್ಯಾನ್ಸರ್ ನೋಂದಣಿಯಲ್ಲಿ ಮೊದಲ ವರ್ಷಗಳಲ್ಲಿ ಹೆಂಗಸರ ಕ್ಯಾನ್ಸರ್‌ಗಳ ಪೈಕಿ ಗರ್ಭಕೊರಳಿನದೇ ಮುಂದಿತ್ತು. ಈಗ ಆ ಸ್ಥಾನ ಸ್ತನ ಕ್ಯಾನ್ಸರ್‌ಗೆ ಹೋಗಿದೆ.

ಅಂಗಾಂಶದ ಓದು ಶುರುವಾಗುವುದು ಆಪರೇಷನ್ ಟೇಬಲ್ಲಿನ ಪಕ್ಕದ ಡಬ್ಬಿಯಲ್ಲಿ. ತೆಗೆದ ಗರ್ಭಕೋಶ ಕೂಡಲೇ ಸಾಕಷ್ಟು ಫಾರ್ಮಾಲಿನ್‌ನಲ್ಲಿ ಮುಳುಗಬೇಕು. ತಡವಾದರೆ ಜೀವಕೋಶಗಳು ಕೊಳೆಯಲು ತೊಡಗುತ್ತವೆ, ಮುಂದೆ ಎಂಥ ಪರಿಣತ ಕಣ್ಣಿಗೂ ಏನೂ ತೋಚದು. ಪ್ಯಾಥಾಲಜಿ ವಿಭಾಗದಲ್ಲಿ ಅಂಚಿಗೆ ಶಾಯಿ ಬಳಿದು, ಗರ್ಭಕೊರಳನ್ನು ಸೀಳಿ, ತುಣುಕುಗಳನ್ನು ಮೇಣದ ಬ್ಲಾಕ್‌ನಲ್ಲಿ ಕೂರಿಸುತ್ತಾರೆ. ಮೈಕ್ರೊಟೋಮ್ ಅದರಿಂದ ಮೂರು-ನಾಲ್ಕು ಮೈಕ್ರಾನ್ ದಪ್ಪದ ಪದರ ಸವರುತ್ತದೆ. ಹೆಮಟಾಕ್ಸಿಲಿನ್‌ನ ನೀಲಿ, ಇಯೋಸಿನ್‌ನ ಗುಲಾಬಿ ಬಣ್ಣ ಹತ್ತಿದ ಮೇಲೆ ಸೂಕ್ಷ್ಮದರ್ಶಕದ ಕೆಲಸ.

ಮೊದಲ ಪ್ರಶ್ನೆ ಆಳದ್ದು. ಕ್ಯಾನ್ಸರ್ ಹುಟ್ಟಿದ ಹೊದಿಕೆ ಪದರದ ತಳದಿಂದ ಒಳಗಿನ ನಾರಿನ ಅಂಗಾಂಶಕ್ಕೆ, ಅಂದರೆ ಸ್ಟ್ರೋಮಾಕ್ಕೆ, ಅದು ಎಷ್ಟು ಇಳಿದಿದೆ? ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ 'ಫಿಗೊ' 2018ರಲ್ಲಿ ಪರಿಷ್ಕರಿಸಿದ ವಿಂಗಡಣೆಯಲ್ಲಿ 3 ಮಿ.ಮೀ.ವರೆಗಿನ ಆಳ 1ಎ1, ಅದಕ್ಕೂ ಮೀರಿ 5 ಮಿ.ಮೀ.ವರೆಗೆ 1ಎ2. ಆಳ ಅದನ್ನೂ ದಾಟಿದರೆ 1ಬಿ. ಅದರೊಳಗೆ ಗಾತ್ರ 2 ಸೆಂ.ಮೀ. ಒಳಗಿದೆಯೋ, 4 ಸೆಂ.ಮೀ. ಒಳಗಿದೆಯೋ, ಇನ್ನೂ ದೊಡ್ಡದೋ ಎಂದು ಮೂರು ಭಾಗ. ಹಳೆಯ ವಿಂಗಡಣೆಯಲ್ಲಿ 1ಎ ಹಂತಕ್ಕೆ ಅಗಲದ ಮಿತಿಯೂ ಇತ್ತು. ಅದನ್ನು 2018ರಲ್ಲಿ ಕೈಬಿಟ್ಟರು, ಅಗಲದ ಅಳತೆ ತುಣುಕು ಕತ್ತರಿಸುವ ರೀತಿಯ ಮೇಲೆ ಬದಲಾಗುತ್ತಿತ್ತು.

ಈ ಆಳಕ್ಕೆ ಇರುವ ಬೆಲೆಯನ್ನು ಅಂಕಿಗಳಲ್ಲಿ ತೋರಿಸಿದ್ದು ಅಮೆರಿಕದ ಗೈನಕಾಲಜಿಕ್ ಆಂಕಾಲಜಿ ಗ್ರೂಪ್ 1990ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದನೇ ಹಂತದ 645 ಮಹಿಳೆಯರಲ್ಲಿ, ಸ್ಟ್ರೋಮಾದ ಮೇಲಿನ ಮೂರನೇ ಒಂದು ಭಾಗದಲ್ಲೇ ಗೆಡ್ಡೆ ನಿಂತಿದ್ದವರ ಪೈಕಿ ಮೂರು ವರ್ಷ ರೋಗವಿಲ್ಲದೆ ಉಳಿದವರು ಸುಮಾರು 94%. ನಡುವಿನ ಭಾಗಕ್ಕೆ ಇಳಿದಿದ್ದರೆ ಸುಮಾರು 84%. ತಳದ ಭಾಗ ಮುಟ್ಟಿದ್ದರೆ ಸುಮಾರು 74%. ಎಲ್ಲರೂ ಒಂದನೇ ಹಂತದವರೇ ಎಂಬುದನ್ನು ಮರೆಯಬಾರದು.

ಎರಡನೆಯ ಲಕ್ಷಣ ರಿಪೋರ್ಟಿನಲ್ಲಿ 'ಎಲ್‌ವಿಎಸ್‌ಐ' ಎಂದು ಬರುತ್ತದೆ: ದುಗ್ಧನಾಳ ಅಥವಾ ರಕ್ತನಾಳದೊಳಗೆ ಕ್ಯಾನ್ಸರ್ ಕೋಶಗಳ ಗುಂಪು. ಮೇಲಿನ ಅಧ್ಯಯನದಲ್ಲಿ ಅದು ಇಲ್ಲದವರಲ್ಲಿ ಸುಮಾರು 89% ಮಂದಿ, ಇದ್ದವರಲ್ಲಿ ಸುಮಾರು 77% ಮಂದಿ ಮೂರು ವರ್ಷ ರೋಗಮುಕ್ತರಾಗಿದ್ದರು. ಆದರೆ ತಪ್ಪು ಹೆಚ್ಚು ನುಸುಳುವುದೂ ಇಲ್ಲಿಯೇ. ಫಾರ್ಮಾಲಿನ್‌ನಲ್ಲಿ ಅಂಗಾಂಶ ಕುಗ್ಗಿದಾಗ ಗೆಡ್ಡೆಯ ಗುಂಪಿನ ಸುತ್ತ ಬಿಳಿ ಬಿರುಕು ಬೀಳುತ್ತದೆ. ಒಣಗಿದ ಕೊಬ್ಬರಿ ಗಿಟಕು ಚಿಪ್ಪಿನಿಂದ ಬಿಟ್ಟುಕೊಂಡಂತೆ ಕಾಣುವ ಈ ಖಾಲಿ ಜಾಗ ನಾಳವಲ್ಲ. ನಿಜವಾದ ನಾಳಕ್ಕೆ ಒಳಗೋಡೆಯಾಗಿ ಚಪ್ಪಟೆ ಜೀವಕೋಶಗಳ ಸಾಲು ಇರುತ್ತದೆ. ಗೆಡ್ಡೆಯ ತುಣುಕು ಒಂದು ಬದಿಗೆ ಅಂಟಿಕೊಂಡೋ ತೇಲುತ್ತಲೋ ಇರುತ್ತದೆ. ಅನುಮಾನ ಉಳಿದರೆ ದುಗ್ಧನಾಳದ ಗೋಡೆಗೆ ಬಣ್ಣ ಕೊಡುವ ಡಿ2-40 ಎಂಬ ವಿಶೇಷ ಸ್ಟೇನ್ ನೆರವಿಗೆ ಬರುತ್ತದೆ.

ದುಗ್ಧಗ್ರಂಥಿಗೆ ಕ್ಯಾನ್ಸರ್ ಮುಟ್ಟಿದ್ದರೆ ಲೆಕ್ಕವೇ ಬೇರೆ. 2018ರ ನಂತರ, ಗರ್ಭಕೊರಳಿನಲ್ಲಿ ಗೆಡ್ಡೆ ಎಷ್ಟೇ ಚಿಕ್ಕದಿರಲಿ, ಕಿಬ್ಬೊಟ್ಟೆಯ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕರೆ ಹಂತ ನೇರವಾಗಿ 3ಸಿಗೆ ಏರುತ್ತದೆ. ಗ್ರಂಥಿಯಲ್ಲಿ 0.2 ಮಿ.ಮೀ.ಗಿಂತ ಚಿಕ್ಕದಾದ ಬಿಡಿ ಕೋಶಗಳ ಗುಂಪಿದ್ದರೆ ಅದನ್ನು ದಾಖಲಿಸುತ್ತಾರೆ, ಹಂತ ಬದಲಿಸುವುದಿಲ್ಲ.

ಒಂದೊಂದೇ ಲಕ್ಷಣಕ್ಕಿಂತ ಅವು ಜೊತೆಯಾಗಿ ಬಂದಾಗಿನ ಪರಿಣಾಮ ಹೆಚ್ಚು. 1999ರಲ್ಲಿ ಸೆಡ್ಲಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ 277 ಮಹಿಳೆಯರಿದ್ದರು. ಎಲ್ಲರಿಗೂ ಗ್ರಂಥಿಗಳು ಸ್ವಚ್ಛವಾಗಿದ್ದವು, ಆದರೆ ಆಳ, ಗಾತ್ರ, ನಾಳದ ನುಸುಳುವಿಕೆಗಳ ಅಪಾಯಕರ ಜೋಡಣೆಯಿತ್ತು. ಆಪರೇಷನ್ ನಂತರ ಸುಮ್ಮನಿದ್ದವರಲ್ಲಿ 28% ಮಂದಿಗೆ ರೋಗ ಮರಳಿತು, ವಿಕಿರಣ ಪಡೆದವರಲ್ಲಿ 15% ಮಂದಿಗೆ. ಇಂದಿಗೂ ಚಿಕಿತ್ಸೆ ತೀರ್ಮಾನಿಸುವ ವೈದ್ಯರ ಟ್ಯೂಮರ್ ಬೋರ್ಡ್‌ಗಳಲ್ಲಿ 'ಸೆಡ್ಲಿಸ್ ಕ್ರೈಟೀರಿಯಾ' ಎಂಬ ಮಾತು ಓಡಾಡುವುದು ಈ ಕಾರಣಕ್ಕೆ. ಮರುವರ್ಷ ಪೀಟರ್ಸ್ ತಂಡ ಇನ್ನೂ ಹೆಚ್ಚಿನ ಅಪಾಯದ ಗುಂಪನ್ನು ತೆಗೆದುಕೊಂಡಿತು: ಗ್ರಂಥಿಯಲ್ಲಿ, ಅಂಚಿನಲ್ಲಿ ಅಥವಾ ಗರ್ಭಕೊರಳಿನ ಪಕ್ಕದ ಅಂಗಾಂಶವಾದ ಪ್ಯಾರಾಮೆಟ್ರಿಯಂನಲ್ಲಿ ಕ್ಯಾನ್ಸರ್ ಇದ್ದವರು. ವಿಕಿರಣ ಮಾತ್ರ ಪಡೆದವರಲ್ಲಿ ನಾಲ್ಕು ವರ್ಷ ಬದುಕುಳಿಯುವ ಪ್ರಮಾಣ 71% ಇದ್ದರೆ, ಜೊತೆಗೆ ಕೀಮೊ ಪಡೆದವರಲ್ಲಿ 81% ಇತ್ತು.

ರಿಪೋರ್ಟಿನಲ್ಲಿ ತಪ್ಪದೆ ಕಾಣುವ 'ಮಾಡರೇಟ್ಲಿ ಡಿಫರೆನ್ಷಿಯೇಟೆಡ್' ಎಂಬ ಗ್ರೇಡ್, ಅಂದರೆ ಕ್ಯಾನ್ಸರ್ ಕೋಶಗಳು ಸಹಜ ಕೋಶಗಳನ್ನು ಎಷ್ಟು ಹೋಲುತ್ತವೆ ಎಂಬ ಅಂದಾಜು, ಮಾತ್ರ ರೋಗಿಯ ಮನೆಯವರನ್ನು ಹೆದರಿಸುವಷ್ಟು ಮುಂದಿನದನ್ನು ಹೇಳುವುದಿಲ್ಲ. ಹೊದಿಕೆ ಪದರದ ಚಪ್ಪಟೆ ಕೋಶಗಳಿಂದ ಹುಟ್ಟುವ ಸ್ಕ್ವೇಮಸ್ ಕ್ಯಾನ್ಸರ್‌ನಲ್ಲಿ ಗ್ರೇಡಿಗೂ ಬದುಕುಳಿಯುವಿಕೆಗೂ ಇರುವ ಸಂಬಂಧ ಸಡಿಲ. ಜಾತಿಯ ಮಾತು ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಎಚ್‌ಪಿವಿ ವೈರಸ್‌ನಿಂದ ಬಂದ ಕ್ಯಾನ್ಸರ್ ಮತ್ತು ಅದಿಲ್ಲದೆ ಬಂದದ್ದನ್ನು ಬೇರ್ಪಡಿಸಿತು. ಎರಡನೆಯ ಗುಂಪಿನ ಗ್ಯಾಸ್ಟ್ರಿಕ್ ಮಾದರಿಯ ಅಡಿನೊಕಾರ್ಸಿನೋಮಾ (ಲೋಳೆ ಗ್ರಂಥಿಯ ಕೋಶಗಳಿಂದ ಹುಟ್ಟುವ ಕ್ಯಾನ್ಸರ್) ಹಠಮಾರಿ. ನ್ಯೂರೊಎಂಡೊಕ್ರೈನ್ ಜಾತಿಯದು ಚಿಕ್ಕದಿದ್ದಾಗಲೇ ದೂರ ಹರಡಬಲ್ಲದು.

ಎಚ್‌ಪಿವಿಯಿಂದ ಬಂದ ಅಡಿನೊಕಾರ್ಸಿನೋಮಾದಲ್ಲಿ ಆಳ ಅಳೆಯುವುದೇ ಕಷ್ಟ, ಏಕೆಂದರೆ ಗರ್ಭಕೊರಳಿನ ಸಹಜ ಲೋಳೆ ಗ್ರಂಥಿಗಳೂ ಅಲ್ಲಿ ಒಳಗಿಳಿದಿರುತ್ತವೆ. ಎಲ್ವಿಯೊ ಸಿಲ್ವಾ ಮತ್ತು ಸಂಗಡಿಗರು 2013ರಲ್ಲಿ ಬೇರೆ ದಾರಿ ತೋರಿಸಿದರು: ಎಷ್ಟು ಆಳ ಎಂಬುದಕ್ಕಿಂತ ಯಾವ ರೀತಿ ನುಗ್ಗಿದೆ ಎಂಬುದನ್ನು ನೋಡಿ. ಅವರ 352 ಪ್ರಕರಣಗಳಲ್ಲಿ, ದುಂಡನೆಯ ಅಂಚಿನ ಗ್ರಂಥಿಗಳಷ್ಟೇ ಇದ್ದ 'ಎ' ಮಾದರಿಯ ಒಬ್ಬರಿಗೂ ದುಗ್ಧಗ್ರಂಥಿಗೆ ರೋಗ ಹರಡಿರಲಿಲ್ಲ. ಸ್ಟ್ರೋಮಾವನ್ನು ಚೆಲ್ಲಾಪಿಲ್ಲಿಯಾಗಿ ಸೀಳಿಕೊಂಡು ಹೋದ 'ಸಿ' ಮಾದರಿಯಲ್ಲಿ ಸುಮಾರು 24% ಮಂದಿಗೆ ಹರಡಿತ್ತು.

ಈಚಿನ ಒಲವು ಚಿಕಿತ್ಸೆಯನ್ನು ತಗ್ಗಿಸುವ ಕಡೆಗೆ. 700 ಮಹಿಳೆಯರ 'ಶೇಪ್' ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಗೆಡ್ಡೆ 2 ಸೆಂ.ಮೀ. ಒಳಗಿದ್ದು, ಆಳವೂ ಕಡಿಮೆಯಿದ್ದರೆ ಸಾಮಾನ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯೇ ಸಾಕು, ಸುತ್ತಲಿನ ಅಂಗಾಂಶವನ್ನೆಲ್ಲ ಬಳಿದು ತೆಗೆಯಬೇಕಿಲ್ಲ ಎಂದು ಅದು ತೋರಿಸಿತು. ಮೂರು ವರ್ಷದಲ್ಲಿ ಕಿಬ್ಬೊಟ್ಟೆಯಲ್ಲಿ ರೋಗ ಮರಳಿದ ಪ್ರಮಾಣ ಎರಡೂ ಗುಂಪುಗಳಲ್ಲಿ 2.5%ರ ಆಸುಪಾಸಿನಲ್ಲೇ ಇತ್ತು. ಮೂತ್ರದ ತೊಂದರೆ ಸಣ್ಣ ಆಪರೇಷನ್ ಆದವರಲ್ಲಿ ಕಡಿಮೆ.

ಇಂಥ ಆಯ್ಕೆ ಮಾನ್ವಿಯ ಮಹಿಳೆಗೂ ಸಿಗಬೇಕಾದರೆ ಮೊದಲ ಬಯಾಪ್ಸಿಯೇ ಸರಿಯಾಗಿರಬೇಕು. ಚಿಮಟದಿಂದ ಕಿತ್ತ ಸಣ್ಣ ಚೂರು ಕ್ಯಾನ್ಸರ್ ಇದೆ ಎಂದು ಹೇಳೀತು, ಆಳ ಹೇಳಲಾರದು. ಕಣ್ಣಿಗೆ ಗೆಡ್ಡೆ ಕಾಣದಿದ್ದಾಗ ಶಂಕುವಿನಾಕಾರದ ತುಂಡನ್ನು ಒಂದೇ ತುಣುಕಾಗಿ ತೆಗೆಯಬೇಕು. ಚೂರುಚೂರಾಗಿ ಬಂದರೆ ಅಂಚೂ ತಿಳಿಯದು, ಅಳತೆಯೂ ಸಿಗದು. ರಾಯಚೂರಿನಲ್ಲಿ ಪತ್ತೆಯಾದವರು ಮುಂದಿನ ಚಿಕಿತ್ಸೆಗೆ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಬೆಂಗಳೂರಿಗೋ ಹೈದರಾಬಾದಿಗೋ ಹೊರಟಾಗ ಟೈಪು ಮಾಡಿದ ರಿಪೋರ್ಟಿನ ಜೊತೆ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆದುಕೊಂಡು ಹೋಗುವುದು ಒಳಿತು. ಅಲ್ಲಿನ ಪ್ಯಾಥಾಲಜಿಸ್ಟ್ ಅವನ್ನು ಮತ್ತೊಮ್ಮೆ ಓದುತ್ತಾರೆ, ಬೇಕಿದ್ದರೆ ಅದೇ ಬ್ಲಾಕಿನಿಂದ ಹೊಸ ಪದರ ತೆಗೆದು ಎಚ್‌ಪಿವಿಯ ಸುಳಿವು ಕೊಡುವ ಪಿ16 ಅಥವಾ ಡಿ2-40 ಸ್ಟೇನ್ ಹಾಕಿಸುತ್ತಾರೆ.