ಆನ್‌ಲೈನ್ ನರ್ಸಿಂಗ್ ಪದವಿ: ಸೇರುವ ಮುನ್ನ ತಿಳಿದಿರಬೇಕಾದ ವಿಷಯಗಳು

ಪಿ.ಯು.ಸಿ. ಫಲಿತಾಂಶ ಬಂದ ಕೂಡಲೇ ಅನೇಕ ಕ್ರೈಸ್ತ ಕುಟುಂಬಗಳಲ್ಲಿ ಕೇಳಿಬರುವ ಮಾತು ಒಂದೇ: "ಮಗಳನ್ನು ನರ್ಸಿಂಗ್‌ಗೆ ಸೇರಿಸೋಣವೇ?" ಕರಾವಳಿಯಲ್ಲಿ ಇದು ಹಳೆಯ ಮಾತು. ಈಗ ಘಟ್ಟದ ಮೇಲಿನ ಮೈಸೂರು ಜಿಲ್ಲೆಯ ನಂಜನಗೂಡು, ಟಿ. ನರಸೀಪುರ ತಾಲೂಕುಗಳ ಹಳ್ಳಿಗಳಲ್ಲಿಯೂ ಇದೇ ಪ್ರಶ್ನೆ ಇದೆ. ಇದರ ಜೊತೆಗೆ ಇತ್ತೀಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಮನೆಯಲ್ಲಿಯೇ ಕುಳಿತು ಆನ್‌ಲೈನ್ ಮೂಲಕ ನರ್ಸಿಂಗ್ ಪದವಿ ಪಡೆಯಬಹುದಂತೆ, ಕ್ರೈಸ್ತ ಕಾಲೇಜಂತೆ, ಹೌದೇ?"

ಈ ಆಸೆಗೆ ಕಾರಣಗಳಿವೆ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ. ದೂರ, ಬಸ್ಸೂ ಇದೆ, ರೈಲೂ ಇದೆ. ಟಿ. ನರಸೀಪುರದಿಂದ ಸುಮಾರು 30 ಕಿ.ಮೀ.; ಅಲ್ಲಿಂದ ಬಸ್ಸೇ ಗತಿ. ವಾರ್ಡಿನ ಬೆಳಗಿನ ಪಾಳಿ ಏಳು, ಏಳೂವರೆಗೆ ಆರಂಭವಾಗುವುದರಿಂದ ಒಳಹಳ್ಳಿಯ ಹುಡುಗಿ ದಿನಾಲೂ ಹೋಗಿ ಬರುವುದು ಕಷ್ಟ. ಹಾಸ್ಟೆಲ್ ಎಂದರೆ ಖರ್ಚು. ಹೀಗಿರುವಾಗ ಮೊಬೈಲಿನಲ್ಲಿ ಪಾಠ, ಕಡಿಮೆ ಶುಲ್ಕ, ಕೊನೆಗೆ ಪದವಿ ಎಂದರೆ ಯಾರಿಗೆ ಬೇಡ? ಆದರೆ ಸಾಲ ಮಾಡಿ ಹಣ ಕಟ್ಟಿದ ಮೇಲೆ ಆ ಪದವಿಗೆ ಬೆಲೆಯಿಲ್ಲ ಎಂದು ತಿಳಿದರೆ ಕಳೆದ ವರ್ಷಗಳು ಮರಳಿ ಬರುವುದಿಲ್ಲ. ಆದ್ದರಿಂದ ಈ ಮಾಹಿತಿ.

ಪಿ.ಯು.ಸಿ. ಮುಗಿಸಿದವರಿಗೆ ಆನ್‌ಲೈನ್ ನರ್ಸಿಂಗ್ ಇಲ್ಲ

ಮೊದಲಿಗೆ ನೇರವಾಗಿ ಹೇಳಬೇಕಾದ ಮಾತು ಇದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) 2020ರಲ್ಲಿ ಹೊರಡಿಸಿದ ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣದ ನಿಯಮಾವಳಿಯು ಈ ರೀತಿಯಲ್ಲಿ ಕಲಿಸಬಾರದ ವಿಷಯಗಳನ್ನು ಪಟ್ಟಿ ಮಾಡಿದೆ. ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿಗಳ ಜೊತೆಗೆ ನರ್ಸಿಂಗ್ ಕೂಡ ಆ ಪಟ್ಟಿಯಲ್ಲಿದೆ. ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿಗೆ ಮನೆಯಲ್ಲಿಯೇ ಬಿ.ಎಸ್ಸಿ. ನರ್ಸಿಂಗ್ ಮಾಡಿಸುತ್ತೇವೆ ಎಂದು ಯಾರೇ ಹೇಳಿದರೂ, ಅವರ ಫಲಕದ ಮೇಲೆ ಯಾವ ಸಂತರ ಹೆಸರಿದ್ದರೂ, ಅದನ್ನು ನಂಬಬಾರದು.

ಕಾರಣ ಸರಳ. ನರ್ಸಿಂಗ್ ಅರ್ಧ ಪುಸ್ತಕದ ವಿದ್ಯೆ, ಅರ್ಧ ಕೈಯ ವಿದ್ಯೆ. ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಹೆರಿಗೆ ಮಾಡಿಸುವುದು, ಉಸಿರಾಟದ ತೊಂದರೆಯಲ್ಲಿರುವ ರೋಗಿಯ ಮುಖ ನೋಡಿಯೇ ಅಪಾಯವನ್ನು ಗುರುತಿಸುವುದು, ಇವೆಲ್ಲ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯಬೇಕಾದವು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ 2021ರ ಪರಿಷ್ಕೃತ ಪಠ್ಯಕ್ರಮದಂತೆ ಬಿ.ಎಸ್ಸಿ. ನರ್ಸಿಂಗ್ 4 ವರ್ಷ, ಅಂದರೆ 8 ಸೆಮಿಸ್ಟರ್. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ ಶೇ. 80 ಹಾಜರಿ ಬೇಕು. ಪದವಿ ಸಿಗಬೇಕಾದರೆ ಆಸ್ಪತ್ರೆಯ ಪ್ರಾಯೋಗಿಕ ತರಬೇತಿಯಲ್ಲಿ ಶೇ. 100 ಹಾಜರಿ ಆಗಿರಬೇಕು. ತಪ್ಪಿದ ದಿನಗಳನ್ನು ಆಮೇಲೆ ತುಂಬಿಕೊಡಬೇಕು. ಕೊನೆಯ ಸೆಮಿಸ್ಟರ್ ಪೂರ್ತಿ ಆಸ್ಪತ್ರೆ ಮತ್ತು ಸಮುದಾಯ ಆರೋಗ್ಯದ ಇಂಟರ್ನ್‌ಶಿಪ್‌ಗೆ ಮೀಸಲು. ಇದನ್ನು ಪರದೆಯ ಮೇಲೆ ಮಾಡುವುದು ಹೇಗೆ?

ಪದವಿಗಿಂತ ನೋಂದಣಿ ಮುಖ್ಯ

ಅನೇಕ ಪಾಲಕರು ಪದವಿ ಪತ್ರ ಕೈಗೆ ಬಂದರೆ ಸಾಕು ಎಂದು ತಿಳಿಯುತ್ತಾರೆ. ಆದರೆ ನರ್ಸ್ ಆಗಿ ಕೆಲಸ ಮಾಡಲು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಆಗ ಮಾತ್ರ ಹೆಸರಿನ ಮುಂದೆ ಆರ್.ಎನ್., ಆರ್.ಎಂ. ಎಂದು ಬರೆದುಕೊಳ್ಳಬಹುದು. ನೋಂದಣಿ ಇಲ್ಲದವರಿಗೆ ಸರ್ಕಾರಿ ಹುದ್ದೆಯಿಲ್ಲ, ಒಳ್ಳೆಯ ಖಾಸಗಿ ಆಸ್ಪತ್ರೆಯಲ್ಲಿ ಕೆಲಸವಿಲ್ಲ, ವಿದೇಶದ ದಾರಿಯಂತೂ ಇಲ್ಲವೇ ಇಲ್ಲ. ಅಮೆರಿಕ ಮುಂತಾದ ದೇಶಗಳು ಅಂಕಪಟ್ಟಿಯ ಜೊತೆಗೆ ತರಗತಿಯ ಗಂಟೆಗಳೆಷ್ಟು, ವಾರ್ಡಿನ ಗಂಟೆಗಳೆಷ್ಟು ಎಂಬ ವಿವರವನ್ನೂ ಕೇಳುತ್ತವೆ. ವಾರ್ಡಿನ ಗಂಟೆಗಳೇ ಇಲ್ಲದ ಪದವಿ ಅಲ್ಲಿಗೇ ನಿಲ್ಲುತ್ತದೆ.

ಮಾನ್ಯತೆ ಎಷ್ಟು ಮುಖ್ಯ ಎಂಬುದಕ್ಕೆ ಮೈಸೂರಿನವರಿಗೆ ದೂರದ ಉದಾಹರಣೆ ಬೇಕಿಲ್ಲ. ಮೈಸೂರಿನಲ್ಲಿಯೇ ಇರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರದ ಅವಧಿಗೆ ಮಾನ್ಯತೆ ಇಲ್ಲವೆಂದು ಯು.ಜಿ.ಸಿ. 2015ರಲ್ಲಿ ಪ್ರಕಟಿಸಿದಾಗ ಸಾವಿರಾರು ವಿದ್ಯಾರ್ಥಿಗಳು ದಾರಿಗಾಣದೆ ನಿಂತರು. 2018ರಲ್ಲಿ ಮಾನ್ಯತೆ ಮತ್ತೆ ದೊರೆಯಿತು, ಇಂದು ಆ ವಿಶ್ವವಿದ್ಯಾಲಯ ಮಾನ್ಯತೆಯೊಂದಿಗೇ ನಡೆಯುತ್ತಿದೆ. ಆದರೆ ನಡುವಿನ ವರ್ಷಗಳಲ್ಲಿ ಕಲಿತವರು ಪಟ್ಟ ಪಾಡು ಸಣ್ಣದಲ್ಲ. ಸರ್ಕಾರವೇ ಸ್ಥಾಪಿಸಿದ ವಿಶ್ವವಿದ್ಯಾಲಯದಲ್ಲಿ ಹೀಗಾಗಬಹುದಾದರೆ, ಹೆಸರು ಕೇಳದ ಸಂಸ್ಥೆಗಳ ವಿಷಯದಲ್ಲಿ ಎಷ್ಟು ಎಚ್ಚರ ಬೇಕು!

ಹಾಗಾದರೆ ಆನ್‌ಲೈನ್ ಯಾರಿಗೆ?

ವಿದೇಶದ ಕ್ರೈಸ್ತ ಕಾಲೇಜುಗಳ ಜಾಹೀರಾತುಗಳು ಇಂಟರ್ನೆಟ್ಟಿನಲ್ಲಿ ಬರುವುದು ಸುಳ್ಳಲ್ಲ. ಅಮೆರಿಕದ ಅರಿಜೋನಾದ ಗ್ರ್ಯಾಂಡ್ ಕ್ಯಾನಿಯನ್, ವರ್ಜೀನಿಯಾದ ಲಿಬರ್ಟಿ ಮುಂತಾದ ಕ್ರೈಸ್ತ ವಿಶ್ವವಿದ್ಯಾಲಯಗಳು ನರ್ಸಿಂಗ್ ಪದವಿಯನ್ನು ಆನ್‌ಲೈನ್ ಮೂಲಕ ನೀಡುತ್ತವೆ. ಆದರೆ ಅದು ಈಗಾಗಲೇ ತರಬೇತಿ ಪಡೆದು ಅಲ್ಲಿನ ಲೈಸೆನ್ಸ್ ಪಡೆದಿರುವ ನರ್ಸ್‌ಗಳಿಗಾಗಿ. ಅವರಿಗೆ ಕೈಕೆಲಸ ಬರುತ್ತದೆ. ಸಂಶೋಧನೆ, ಆಡಳಿತ, ಸಮುದಾಯ ಆರೋಗ್ಯದ ಪಾಠಗಳನ್ನು ಕೆಲಸ ಮಾಡುತ್ತಲೇ ಕಲಿಯುತ್ತಾರೆ. ಅಲ್ಲಿ ನೆಲೆಸಿರುವ ನಮ್ಮ ಸಹೋದರಿಯರಿಗೆ ಇದು ಉಪಯುಕ್ತ. ಊರಿಗೆ ಮರಳಿ ಇಲ್ಲಿ ಬಳಸಬೇಕೆನ್ನುವವರು ಮಾತ್ರ ಭಾರತದಲ್ಲಿ ಅದಕ್ಕೆ ಸಮಾನ ಮಾನ್ಯತೆ ಇದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು.

ನಮ್ಮ ದೇಶದಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) 1994ರಲ್ಲಿ ದೂರಶಿಕ್ಷಣದ ಮೂಲಕ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಆರಂಭಿಸಿತು. ಅದನ್ನು ರೂಪಿಸಿದ್ದೂ ನೋಂದಣಿಯಾಗಿ ಕೆಲಸದಲ್ಲಿರುವ ನರ್ಸ್‌ಗಳಿಗಾಗಿಯೇ. ಸಂಪರ್ಕ ತರಗತಿ ಮತ್ತು ಆಸ್ಪತ್ರೆಯ ಪ್ರಾಯೋಗಿಕ ಕೆಲಸ ಅದರಲ್ಲಿಯೂ ಕಡ್ಡಾಯವಾಗಿತ್ತು. ಆದ್ದರಿಂದ ಇಗ್ನೋ ಹೆಸರು ಹೇಳಿಕೊಂಡು ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಸೀಟು ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ದೂರವಿಡಿ.

ಕಾನ್ವೆಂಟ್ ಚಿಕಿತ್ಸಾಲಯಗಳಲ್ಲಿ ಸೇವೆ ಮಾಡುವ ಜಿ.ಎನ್.ಎಂ. ಮುಗಿಸಿದ ಧರ್ಮಭಗಿನಿಯರಿಗೆ ಮತ್ತು ಇತರ ನರ್ಸ್‌ಗಳಿಗೆ ಸರಿಯಾದ ದಾರಿ ಎಂದರೆ ಕಾಲೇಜಿನಲ್ಲಿಯೇ ಕಲಿಯುವ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ.

ನಮ್ಮ ಮುಂದಿರುವ ದಾರಿಗಳು

ಎ.ಎನ್.ಎಂ.: 2 ವರ್ಷ. ಪಿ.ಯು.ಸಿ.ಯಲ್ಲಿ ಯಾವ ವಿಭಾಗವಾದರೂ ಆಗುತ್ತದೆ.

ಜಿ.ಎನ್.ಎಂ.: 3 ವರ್ಷ. ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಸಹಿತ ಶೇ. 40 ಅಂಕ. ವಿಜ್ಞಾನದವರಿಗೆ ಆದ್ಯತೆ, ಆದರೆ ಕಲಾ, ವಾಣಿಜ್ಯ ವಿಭಾಗದವರಿಗೂ ಅವಕಾಶವಿದೆ.

ಬಿ.ಎಸ್ಸಿ. ನರ್ಸಿಂಗ್: 4 ವರ್ಷ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ವಿಜ್ಞಾನ ವಿಷಯಗಳಲ್ಲಿ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ವಯಸ್ಸು 17 ತುಂಬಿರಬೇಕು.

ಕರ್ನಾಟಕದಲ್ಲಿ 2023ರಿಂದ ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟುಗಳನ್ನು ಸಿ.ಇ.ಟಿ. ಮೂಲಕ ಹಂಚಲಾಗುತ್ತಿದೆ. ಮ್ಯಾನೇಜ್‌ಮೆಂಟ್ ಸೀಟೊಂದೇ ದಾರಿ ಎಂದು ತಿಳಿದು ಸಿ.ಇ.ಟಿ. ಬರೆಯದೆ ಬಿಡುವುದು ದೊಡ್ಡ ನಷ್ಟ. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿಯೂ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿಯೂ ಬರುತ್ತಾರೆ. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ 1ರಿಂದ 10ನೇ ತರಗತಿವರೆಗೆ ಓದಿದವರಿಗೆ ಪ್ರತ್ಯೇಕ ಮೀಸಲಾತಿಯಿದೆ. ಜಾತಿ, ಆದಾಯ, ವ್ಯಾಸಂಗ ಪ್ರಮಾಣಪತ್ರಗಳನ್ನು ಫಲಿತಾಂಶ ಬರುವ ಮೊದಲೇ ತೆಗೆದಿಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯ ಬಗ್ಗೆಯೂ ತಾಲೂಕು ಮಟ್ಟದಲ್ಲಿ ವಿಚಾರಿಸಬಹುದು.

ಕ್ರೈಸ್ತ ಕಾಲೇಜಿನಲ್ಲಿ ಏನನ್ನು ನಿರೀಕ್ಷಿಸಬಹುದು?

ಭಾರತದ ನರ್ಸಿಂಗ್ ಶಿಕ್ಷಣದಲ್ಲಿ ಕ್ರೈಸ್ತ ಸಂಸ್ಥೆಗಳ ಪಾಲು ದೊಡ್ಡದು. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ತೆರೆದರು. 1946ರಲ್ಲಿ ಅಲ್ಲಿ ಪದವಿ ಶಿಕ್ಷಣ ಆರಂಭವಾಯಿತು. ಮಂಗಳೂರಿನ ಕಂಕನಾಡಿಯಲ್ಲಿ ವಂದನೀಯ ಫಾ. ಅಗಸ್ಟಸ್ ಮುಲ್ಲರ್ 1880ರಲ್ಲಿ ಆರಂಭಿಸಿದ ಸೇವೆಯಿಂದ ಬೆಳೆದ ಫಾದರ್ ಮುಲ್ಲರ್ ಸಂಸ್ಥೆ ನಮ್ಮೆಲ್ಲರಿಗೂ ಪರಿಚಿತ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಿಂದ ಇರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಸುತ್ತಲಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅದು ಸಿ.ಎಸ್.ಐ. ಸಭೆಯದು, ಅಲ್ಲಿಯೂ ನರ್ಸಿಂಗ್ ಶಿಕ್ಷಣವಿದೆ.

ಇಂತಹ ಕಾಲೇಜುಗಳಲ್ಲಿ ಪ್ರಾರ್ಥನೆ, ಹಾಸ್ಟೆಲ್ ಶಿಸ್ತು, ದೀಪ ಬೆಳಗಿಸಿ ಪ್ರತಿಜ್ಞೆ ಸ್ವೀಕರಿಸುವ ಸಮಾರಂಭ ಇರುತ್ತವೆ. ಎಲ್ಲ ಧರ್ಮದ ವಿದ್ಯಾರ್ಥಿಗಳೂ ಕಲಿಯುತ್ತಾರೆ. ಧರ್ಮಗುರುಗಳ ಪತ್ರ, ಜ್ಞಾನಸ್ನಾನದ ಪ್ರಮಾಣಪತ್ರ ಅಲ್ಪಸಂಖ್ಯಾತ ಸೀಟಿಗೆ ನೆರವಾಗಬಹುದು. ಆದರೆ ಅಂಕಗಳ ಬದಲಿಗೆ ಅವು ನಡೆಯುವುದಿಲ್ಲ. ಪಠ್ಯಕ್ರಮ, ಪರೀಕ್ಷೆ, ಹಾಜರಿಯ ನಿಯಮ ಎಲ್ಲ ಕಾಲೇಜುಗಳಿಗೂ ಒಂದೇ. ಕ್ರೈಸ್ತ ಎಂಬ ಹೆಸರು ಮಾನ್ಯತೆಯ ಪ್ರಮಾಣಪತ್ರ ಅಲ್ಲ.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷಕ್ಕೆ ಇದೆಯೇ? ಡೀಮ್ಡ್ ವಿಶ್ವವಿದ್ಯಾಲಯವಾದರೆ ಅದರ ಮಾನ್ಯತೆ ಏನು?
2. ರಾಜ್ಯ ನರ್ಸಿಂಗ್ ಕೌನ್ಸಿಲ್ ಇಲ್ಲಿ ಕಲಿತವರನ್ನು ನೋಂದಾಯಿಸುತ್ತದೆಯೇ? ಕಳೆದ ಬ್ಯಾಚಿನವರಿಗೆ ನೋಂದಣಿ ಆಗಿದೆಯೇ?
3. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಎಷ್ಟು ಹಾಸಿಗೆಗಳು, ಅವುಗಳಲ್ಲಿ ರೋಗಿಗಳಿದ್ದಾರೆಯೇ? (ಕೌನ್ಸಿಲ್‌ನ ನಿಯಮದಂತೆ ಕನಿಷ್ಠ 100 ಹಾಸಿಗೆಗಳ ಆಸ್ಪತ್ರೆ ಬೇಕು.)
4. ನಾಲ್ಕೂ ವರ್ಷಗಳ ಒಟ್ಟು ಖರ್ಚು ಎಷ್ಟು? ಹಾಸ್ಟೆಲ್, ಸಮವಸ್ತ್ರ, ಪರೀಕ್ಷಾ ಶುಲ್ಕ ಸೇರಿದೆಯೇ?
5. ನಡುವೆ ಬಿಟ್ಟರೆ ಮೂಲ ಪ್ರಮಾಣಪತ್ರಗಳನ್ನು ಹಿಂದಿರುಗಿಸುತ್ತಾರೆಯೇ?

ಉತ್ತರಗಳನ್ನು ಏಜೆಂಟರ ಬಾಯಿಂದ ಕೇಳಬೇಡಿ. ವಿಶ್ವವಿದ್ಯಾಲಯ ಮತ್ತು ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ನೋಡಿ, ಕಾಲೇಜಿಗೆ ನೀವೇ ಹೋಗಿ ಬನ್ನಿ. ಹಣವನ್ನು ಕಾಲೇಜಿನ ಖಾತೆಗೇ ಕಟ್ಟಿ ರಸೀದಿ ಪಡೆಯಿರಿ.

ಧರ್ಮಕೇಂದ್ರಗಳು ಏನು ಮಾಡಬಹುದು?

ಧರ್ಮಕೇಂದ್ರದ ಪಾಲನಾ ಪರಿಷತ್ತು, ಸ್ತ್ರೀ ಸಂಘಟನೆ, ಯುವಜನ ಸಂಘಟನೆಗಳು ಪಿ.ಯು.ಸಿ. ಪರೀಕ್ಷೆಗೆ ಮೊದಲೇ ಒಂದು ಭಾನುವಾರ ಬಲಿಪೂಜೆಯ ನಂತರ ಮಾಹಿತಿ ಸಭೆ ಏರ್ಪಡಿಸಬಹುದು. ಊರಿನಲ್ಲಿ ಕೆಲಸ ಮಾಡುವ ಅಥವಾ ನಿವೃತ್ತರಾದ ನರ್ಸ್ ಒಬ್ಬರು ಅರ್ಧ ಗಂಟೆ ಮಾತನಾಡಿದರೆ ಸಾಕು, ಎಷ್ಟೋ ಕುಟುಂಬಗಳು ಮೋಸಹೋಗುವುದು ತಪ್ಪುತ್ತದೆ. ದೂರದ ಊರಿನಿಂದ ಬಂದು ಹಾಸ್ಟೆಲ್ ಸೇರುವ ಹೆಣ್ಣುಮಕ್ಕಳ ಮೊದಲ ವರ್ಷದ ಖರ್ಚಿಗೆ ಸಂಘಸಂಸ್ಥೆಗಳು ಕೈಜೋಡಿಸಿದರೆ ಇನ್ನೂ ಒಳ್ಳೆಯದು. ಆನ್‌ಲೈನ್ ಆಮಿಷಕ್ಕೆ ಬೀಳುವವರು ಹೆಚ್ಚಾಗಿ ಹಾಸ್ಟೆಲ್ ಹಣವಿಲ್ಲದವರೇ ಎಂಬುದನ್ನು ಮರೆಯಬಾರದು.

1930ರಲ್ಲಿ ಹನ್ನೊಂದನೇ ಭಕ್ತಿನಾಥ (ಪಿಯುಸ್) ಜಗದ್ಗುರುಗಳು ದಾದಿಯರ ಪಾಲಕರೆಂದು ಸಾರಿದ ಸಂತ ಕಮಿಲ್ಲಸರು ರೋಮಿನ ಆಸ್ಪತ್ರೆಗಳಲ್ಲಿ ರೋಗಿಗಳ ಹಾಸಿಗೆಯ ಬಳಿ ಮೊಣಕಾಲೂರಿ ಸೇವೆ ಮಾಡಿದವರು. ಜುಲೈ 14 ಅವರ ಹಬ್ಬ. ಈ ಸೇವೆಯನ್ನು ರೋಗಿಯ ಹತ್ತಿರ ಹೋಗಿಯೇ ಕಲಿಯಬೇಕು. ನಮ್ಮ ಮಕ್ಕಳು ಸರಿಯಾದ ಬಾಗಿಲಿನಿಂದಲೇ ಈ ವೃತ್ತಿಯನ್ನು ಪ್ರವೇಶಿಸುವಂತೆ ನೋಡಿಕೊಳ್ಳುವುದು ಪಾಲಕರ ಮತ್ತು ಧರ್ಮಸಭೆಯ ಹೊಣೆ.